ರಬ್ಬರ್ ಚಪ್ಪಲಿಯ ಅಕ್ಕೋರು

ಮೇಲೆ ಕೆಂಪು ದಡಿಯ ಇಳಕಲ್ಲ ಸೀರೆ, ಕೆಳಗೆ ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ. ಬಿಸಿಲಿರಲಿ, ಮಳೆಯಿರಲಿ, ಗೋಕಾಕಿನ ಚರ್ಚಾಸ್ಪರ್ಧೆಯ ವೇದಿಕೆಯೇ ಇರಲಿ, ನಮಗೆ ವಿಜ್ಞಾನ ಕಲಿಸುತ್ತಿದ್ದ ಅಕ್ಕೋರ ಕಾಲಲ್ಲಿ ಅದೇ. ಅವರು ವರಾಂಡದಲ್ಲಿ ಪಟಪಟ ಸದ್ದು ಮಾಡುತ್ತ ಬಂದರೆ ಇಡೀ ಒಂಬತ್ತನೇ ತರಗತಿ ಬೆಂಚಿನಿಂದ ಕೆಳಗಿಳಿಯುತ್ತಿತ್ತು.

ಒಮ್ಮೆ ನಾನು ಕೇಳಿಯೇಬಿಟ್ಟೆ, ಇಷ್ಟು ಚಂದದ ಸೀರೆಗೆ ಇದೆಂಥ ಚಪ್ಪಲಿ ಎಂದು. ಅಕ್ಕೋರು ಚರ್ಚೆಯಲ್ಲಿ ಅಂಶ ಮಂಡಿಸುವವರ ಹಾಗೆ ಬೆರಳು ಮಡಿಸಿದರು.

"ಒಂದನೇದ್ದು, ವೈರಿನ ಜೋಡಿ ಕೆಲಸಾ ಮಾಡೂಕಿ ನಾ, ಕಾಲಾಗ ರಬ್ಬರ್ ಬೇಕು. ಎರಡನೇದ್ದು, ನಮ್ಮಜ್ಜ ನಿಮ್ಮ ಓಣಿ ದಾಟೂಮುಂದ ಚಪ್ಪಲಿ ಕೈಯಾಗ ಹಿಡಕೊಂಡ ದಾಟತಿದ್ದ. ನಾ ಕಾಲಾಗ ಹಾಕ್ಕೊಂಡ ದಾಟತೀನಿ. ಎರಡಕ್ಕೂ ಉತ್ತರಾ ಇದ್ರ ಹೇಳು."

ವಾದದಲ್ಲಿ ನಾನು ಸೋತೆ. ಅಂಥ ಪ್ರಸಂಗ ನನ್ನ ಜೀವನದಲ್ಲಿ ಅಪರೂಪ. ಕಲ್ಲೋಳಿಯ ಆಚೆಗಿರುವ ನಮ್ಮೂರು ಅವರ ತಾಯಿಯ ತವರು. ಅವರದು ಬೌದ್ಧರಾದ ದಲಿತ ಮನೆತನ. ಹತ್ತರಗಿಯಲ್ಲಿ ಬೆಳೆದು, ಗೋಕಾಕಿನಲ್ಲಿ ಓದಿ, ಅಜ್ಜ ತಲೆ ತಗ್ಗಿಸಿ ನಡೆದ ಊರಿಗೇ ಕಲಿಸಲು ಬಂದಿದ್ದರು.

ಅವರ ಪಾಠವೆಂದರೆ ಜಗಳ. ಒಬ್ಬೊಬ್ಬರಿಗೂ ಒಂದೊಂದು ವಸ್ತುವಿನ ವಕಾಲತ್ತು: ನೀನು ತಾಮ್ರ, ನೀನು ಪೆನ್ಸಿಲ್ಲಿನ ಕಡ್ಡಿ, ನೀನು ಉಪ್ಪುನೀರು. ವಾದ ಮುಗಿದ ಮೇಲೆ ಬ್ಯಾಟರಿ, ಎರಡು ವೈರು ಮತ್ತು ಒಂದು ಪುಟ್ಟ ಎಲ್‌ಇಡಿ ದೀಪ ಹೊರಗೆ ಬರುತ್ತಿದ್ದವು. ವೈರಿನ ತುದಿಗಳ ನಡುವೆ ಆ ವಸ್ತುವನ್ನಿಟ್ಟರೆ ದೀಪವೇ ತೀರ್ಪು ಹೇಳುತ್ತಿತ್ತು. ನನಗೆ ಬಂದದ್ದು ರಬ್ಬರಿನ ಪಕ್ಷ. ತಾಮ್ರದ ಎಲೆಕ್ಟ್ರಾನುಗಳು ಬೀದಿಗೆ ಬಿಟ್ಟ ಹುಡುಗರಂತೆ ಓಡಾಡುತ್ತವೆ, ರಬ್ಬರ್ ತನ್ನವನ್ನು ಮನೆಯಿಂದ ಕದಲಗೊಡುವುದಿಲ್ಲ, ಆದ್ದರಿಂದಲೇ ಅದು ನಂಬಿಗಸ್ತ ಎಂದು ವಾದಿಸಿದೆ. ದೀಪ ಹೊತ್ತಲಿಲ್ಲ, ನಾನು ಗೆದ್ದೆ. ಅಕ್ಕೋರು ಆಗಾಗ ಹೇಳುತ್ತಿದ್ದ ಮಾತು ಇದು: "ಕರೆಂಟ್ ಯಾರ ಮಾರಿನೂ ನೋಡಂಗಿಲ್ಲ, ದಾರಿ ಅಷ್ಟ ನೋಡತೈತಿ."

ಆ ದಾರಿ ನಮ್ಮ ಮನೆಯಲ್ಲಿ ಅಪ್ಪನ ಮೈಯೊಳಗಿನಿಂದ ಹಾದುಹೋಗುತ್ತಿತ್ತು. ಹೊಲದ ಪಂಪ್‌ಸೆಟ್ ಶೆಡ್ಡಿನಲ್ಲಿ ಸ್ಟಾರ್ಟರ್ ಡಬ್ಬಿಗೆ ಕುಂಕುಮ, ಮೇಲೆ ಲಕ್ಷ್ಮಿಯ ಫೋಟೊ. ನೀರು ಕೊಡುವ ದೇವಿ ಎಂದು ಅಪ್ಪ ಚಪ್ಪಲಿಯನ್ನು ಹೊರಗೆ ಬಿಟ್ಟು, ಸದಾ ಜಿನುಗುವ ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ಗುಂಡಿ ಒತ್ತುತ್ತಿದ್ದ. ಆ ವರ್ಷ ಡಬ್ಬಿ ಮುಟ್ಟಿದರೆ ಕೈ ಜುಂ ಎನ್ನತೊಡಗಿತು. ಅಪ್ಪ ಅದನ್ನು ದೇವಿಯ ಕಳೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ. ಚಪ್ಪಲಿ ಹಾಕಿಕೊಂಡೇ ಒತ್ತು ಎಂದು ನಾನು ಅಂಧಶ್ರದ್ಧೆಯ ಮೇಲೆ ಭಾಷಣ ಬಿಗಿದೆ. ಭಾಷಣವೇನೋ ಉತ್ತಮವಾಗಿತ್ತು; ಅಪ್ಪ ಮರುದಿನವೂ ಬರಿಗಾಲಲ್ಲೇ ಹೋದ. ಇವತ್ತು ಜುಂ ಎಂದದ್ದು ನಾಳೆ ಹಿಡಿದುಕೊಂಡರೆ ಏನು ಗತಿ ಎಂಬುದು ನನಗೆ ಗೊತ್ತಿತ್ತು. ಅಳುತ್ತ ಅಕ್ಕೋರ ಹತ್ತಿರ ಓಡಿದೆ.

ಅವತ್ತು ಸಂಜೆಯೇ ಅವರು ಬ್ಯಾಟರಿ, ದೀಪ ಹಿಡಿದು ಪಟಪಟ ಎನ್ನುತ್ತ ನಮ್ಮ ಓಣಿ ದಾಟಿ, ಮನೆ ಹಿಂದಿನ ಹೊಲದ ಶೆಡ್ಡಿಗೆ ಬಂದರು. ಮೊದಲು ಕಂಬದ ಕಡೆಯಿಂದ ಬರುವ ಕರೆಂಟು ತೆಗೆಸಿದರು. ಆಮೇಲೆ ದೇವರ ಸುದ್ದಿಯನ್ನೇ ಎತ್ತದೆ, ಮನೆಯಲ್ಲಿರುವ ಯಾವ ವಸ್ತುವನ್ನಾದರೂ ತನ್ನಿರಿ, ದೀಪ ಹೊತ್ತುತ್ತದೋ ಇಲ್ಲವೋ ನೀವೇ ಮೊದಲು ಹೇಳಿರಿ ಎಂದು ಅಪ್ಪನಿಗೆ ಸವಾಲು ಹಾಕಿದರು. ಅಪ್ಪನಿಗೆ ಹುರುಪು ಬಂತು. ಕುಡುಗೋಲು ಎಂದ, ಹೊತ್ತಿತು. ಒಣಗಿದ ಮಣೆ ಎಂದ, ಹೊತ್ತಲಿಲ್ಲ. ಎರಡರಲ್ಲೂ ಅವನದೇ ಸರಿ. ಅಕ್ಕೋರು ಅದೇ ಮಣೆಯನ್ನು ಶೆಡ್ಡಿನ ನೀರಲ್ಲಿ ನೆನೆಸಿ ಇಟ್ಟರು, ದೀಪ ಮಿಣುಕಿತು. ಬಳಿಕ ಅಪ್ಪ ತನ್ನ ತೊಗಲಿನ ಚಪ್ಪಲಿಯನ್ನು ತಾನೇ ತಂದು, ನೀರಲ್ಲದ್ದಿ ಕೊಟ್ಟ. ಅದಕ್ಕೂ ಮಿಣುಕಿತು.

"ನಿನ್ನ ಮಾತು ಕೇಳಿದ್ರ ಚಪ್ಪಲಿ ಹಾಕ್ಕೊಂಡ ಸಾಯತಿದ್ನೆಲ್ಲ, ಮಗಳ," ಎಂದು ನನ್ನತ್ತ ತಿರುಗಿ ನಕ್ಕ.

ಅಕ್ಕೋರು ನಗಲಿಲ್ಲ. "ಅಣ್ಣಾರ, ನೀರು ನೆಂದಲ್ಲೆಲ್ಲಾ ಅದರಾಗಿನ ಉಪ್ಪು ಕರೆಂಟಿಗೆ ದಾರಿ ಮಾಡಿ ಕೊಡತೈತಿ. ನಿಮ್ಮ ಕಾಲೂ ಹಸೀನ, ನೆಲಾನೂ ಹಸೀನ. ಈ ಬ್ಯಾಟರಿ ಸಣ್ಣದು, ದೀಪಾ ಹಚ್ಚಿ ಬಿಡತೈತಿ. ಕಂಬದಿಂದ ಬರೂದು ಬಿಡಂಗಿಲ್ಲ. ಜುಂ ಅನ್ನೂದು ದೇವಿ ಅಲ್ರಿ, ಡಬ್ಬ್ಯಾಗಿಂದ ಕರೆಂಟ್ ಹೊರಗ ಬಂದೈತಿ."

ಮರುದಿನ ಗೋಕಾಕಿನಿಂದ ಮಿಸ್ತ್ರಿ ಬಂದ. ಡಬ್ಬಿಯೊಳಗೆ ಸುಲಿದ ವೈರು ಸಿಕ್ಕಿತು, ಭೂಮಿಗಿಳಿಸಿದ ತಂತಿ ತುಕ್ಕು ತಿಂದು ತುಂಡಾಗಿತ್ತು. ಎರಡನ್ನೂ ಸರಿಪಡಿಸಿದ. ಆದರೂ ರಬ್ಬರ್ ಚಪ್ಪಲಿ ಇಲ್ಲದೆ ಗುಂಡಿ ಮುಟ್ಟಕೂಡದು ಎಂದು ಅಕ್ಕೋರು ಹಟ ಹಿಡಿದರು. ಓಣಿಯ ಕೆಸರು ತುಳಿದ ಚಪ್ಪಲಿಯನ್ನು ದೇವಿಯ ಮುಂದೆ ತರಲಾರೆ ಎಂದು ಅಪ್ಪನೂ ಹಟ ಹಿಡಿದ. ಕೊನೆಗೆ ಅವನೇ ದಾರಿ ಹುಡುಕಿದ: ಹೊಸ ರಬ್ಬರ್ ಚಪ್ಪಲಿ ತಂದು, ಅವು ಶೆಡ್ಡಿನ ಹೊಸ್ತಿಲು ದಾಟಿ ಹೊರಗೆ ಹೋಗದಂತೆ ಒಳಗಿನ ಗೂಟಕ್ಕೆ ತೂಗುಹಾಕಿದ. ಮಡಿ ಚಪ್ಪಲಿ ಎಂದು ನಾನು ಹಂಗಿಸಿದೆ. ಇದು ಮೂಢನಂಬಿಕೆಯ ಜೊತೆ ರಾಜಿ ಎಂದು ಅಕ್ಕೋರಿಗೂ ಆಕ್ಷೇಪ ಸಲ್ಲಿಸಿದೆ.

"ಅವರ ಕಾಲಿನ ಕೆಳಗ ರಬ್ಬರ್ ಬಂತಿಲ್ಲೋ?" ಎಂದರು ಅಕ್ಕೋರು. "ನಿನಗ ವಾದಾ ಗೆಲ್ಲಬೇಕಿತ್ತು, ನನಗ ನಿಮ್ಮಪ್ಪ ಬೇಕಿತ್ತು."

ಆ ವರ್ಷ ದಸರೆಯಲ್ಲಿ ಆಯುಧಗಳನ್ನು ಪೂಜಿಸುವ ಖಂಡೇಪೂಜೆಗೆ ಅಪ್ಪ ಅಕ್ಕೋರನ್ನೂ ಕರೆದ. ಕರೆಂಟು ತೆಗೆದು ಡಬ್ಬಿಗೆ ಪೂಜೆ ಮಾಡಬೇಕೆಂಬುದು ಅಷ್ಟರಲ್ಲಿ ನಮ್ಮ ಹೊಲದ ಕಾನೂನಾಗಿತ್ತು. ಓಣಿಯ ಹಿರಿಯರೆಲ್ಲ ಬರಿಗಾಲಲ್ಲಿ ನಿಂತಿದ್ದರು. ಅಕ್ಕೋರೂ ನಮ್ಮ ಪೂಜೆಗೆ ಮರ್ಯಾದೆ ಕೊಟ್ಟು ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಬಂದರು. ಅವರ ಬರಿಗಾಲನ್ನು ನಾನು ಕಂಡದ್ದು ಅವತ್ತೇ. ಆರತಿ ಮುಗಿಯಿತು, ಕರೆಂಟು ಬಂತು. ಗುಂಡಿ ಒತ್ತುವ ಮಾನವನ್ನು ಅಪ್ಪ ಅವರಿಗೇ ಕೊಟ್ಟ. ಅವರು ಹೊರಗಿನ ಚಪ್ಪಲಿಯತ್ತ ನೋಡಿ, ಹಿರಿಯರತ್ತ ನೋಡಿ, ಒಂದು ಗಳಿಗೆ ತಡೆದರು.

ಗೂಟದ ಮಡಿ ಚಪ್ಪಲಿಯತ್ತ ನೋಡದೆ ಅಪ್ಪ ಹೊಸ್ತಿಲು ದಾಟಿದ. ಬಗ್ಗಿದ. ಓಣಿಯ ಕೆಸರು ಮೆತ್ತಿದ್ದ ಆ ನೀಲಿ ಪಟ್ಟಿಯ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಎಲ್ಲರ ನಡುವೆ ನಡೆದು ಬಂದು, ದೇವಿಯ ಫೋಟೊದ ಕೆಳಗೆ ಅಕ್ಕೋರ ಕಾಲ ಮುಂದೆ ಇಟ್ಟ.

ಹಿರಿಯರಲ್ಲೊಬ್ಬರು ಕೆಮ್ಮಿದರು. "ಏನಪಾ, ಚಪ್ಪಲಿ ಹೊರಾಕ ಹತ್ತಿದೇನು?"

"ನೆಲಾ ಹಸಿ ಐತಿ," ಎಂದ ಅಪ್ಪ. "ಅಕ್ಕೋರ, ಹಾಕ್ಕೊಂಡ ಒತ್ತರಿ."

ಅಕ್ಕೋರು ಹಾಕಿಕೊಂಡರು, ಒತ್ತಿದರು. ಮೋಟಾರು ಗುಂಯ್ ಎಂದಿತು, ಪೈಪಿನಿಂದ ನೀರು ತೆಕ್ಕೆಗಟ್ಟಲೆ ಹಾರಿ ಬಿತ್ತು. ನೀರಿನ ಸದ್ದಿನಲ್ಲಿ ಅವರು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಯಾರೂ ಗಮನಿಸಲಿಲ್ಲ. ನಾನು ಗಮನಿಸಿದೆ. ಅಕ್ಕೋರ ಅಜ್ಜನ ಕಥೆ ಅಪ್ಪನಿಗೆ ಗೊತ್ತಿತ್ತೇ ಎಂದು ಎಷ್ಟೋ ಸಲ ಕೇಳಿದ್ದೇನೆ. ನೆಲ ಹಸಿ ಇತ್ತು ಎಂಬುದೊಂದೇ ಅವನ ಉತ್ತರ.

ಅಕ್ಕೋರು ಈಗ ಹುಕ್ಕೇರಿಯಲ್ಲಿ ಕಲಿಸುತ್ತಾರೆ. ಅಲ್ಲಿಯೂ ವರಾಂಡದಲ್ಲಿ ಪಟಪಟ ಸದ್ದಾಗುತ್ತಿರಬೇಕು. ಪುರಾವೆಯಿಲ್ಲದೆ ನಾನು ಏನನ್ನೂ ಒಪ್ಪುವವಳಲ್ಲ. ಆದರೆ ಬೆಳಿಗ್ಗೆ ಮನೆಗೆ ಫೋನು ಮಾಡಿದಾಗ ಅಪ್ಪನ ದನಿಯ ಹಿಂದೆ ಮೋಟಾರು ಗುಂಯ್ ಎನ್ನುತ್ತಿರುತ್ತದೆ. ಅಕ್ಕೋರ ಋಣಕ್ಕೆ ಬೇರೆ ಪುರಾವೆಯನ್ನು ನಾನು ಕೇಳಿಲ್ಲ.