ಅತ್ತೆ ಸಾಕಿದ ಕೊಕ್ಕರೆಗಳು

ನಮ್ಮತ್ತೆಯ ನಾಲಿಗೆಗೆ ಹೆದರದವರು ಈ ಜೌಗಿನ ಸುತ್ತ ಯಾರೂ ಇಲ್ಲ. ಹಕ್ಕಿಧಾಮದ ಕಾವಲಿಗೆ ಅವರನ್ನು ನೇಮಿಸಿದ್ದೂ ಅದಕ್ಕೇ ಇರಬೇಕು. ದುರ್ಬೀನು ನೇತುಹಾಕಿಕೊಂಡು ಬರುವ ದೊಡ್ಡ ಮನುಷ್ಯರು ಗೂಡಿನ ಮರದ ಹತ್ತಿರ ಸುಳಿದರೆ ಸಾಕು, ಅತ್ತೆ ಅವರ ಜನ್ಮ ಜಾಲಾಡಿಬಿಡುತ್ತಿದ್ದರು. ಮನೆಯಲ್ಲಿ ಆ ಭಾಗ್ಯ ಸೊಸೆಯಾದ ನನ್ನದು. ಬಂದ ದಿನದಿಂದ ಕೂತರೆ ತಪ್ಪು, ನಿಂತರೆ ತಪ್ಪು. ಗಂಡ ಎನ್ನುವ ಪ್ರಾಣಿ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿತ್ತು.

ಅಂಥವರು ಒಂದು ದಿನ ಗೂಡಿನಿಂದ ಬಿದ್ದ ಕೊಕ್ಕರೆ ಮರಿಯನ್ನು ಎದೆಗವಚಿಕೊಂಡು ತಂದು ಹಿತ್ತಲ ಜಾಲರಿ ಗೂಡಿನಲ್ಲಿಟ್ಟರು. ಹಕ್ಕಿಧಾಮದ ಡಾಕ್ಟರು ಸಾಕುವ ಕ್ರಮ ಹೇಳಿಕೊಟ್ಟರು: ಸಾಕುವವರು ತಮ್ಮ ಮುಖಕ್ಕೆ ಬೂದು ಬಟ್ಟೆಯ ಮುಸುಕು ಹಾಕಿಕೊಳ್ಳಬೇಕು, ಮೀನನ್ನು ಇಕ್ಕಳದಲ್ಲಿ ಕೊಡಬೇಕು, ತುಟಿ ಪಿಟಕ್ಕೆನ್ನಬಾರದು. ಮನುಷ್ಯರಿಗೆ ಒಗ್ಗಿಹೋದ ಹಕ್ಕಿ ಹೊರಗೆ ಬದುಕುವುದಿಲ್ಲ ಎಂದು ಒತ್ತಿ ಹೇಳಿ ಹೋದರು.

ಅತ್ತೆಯ ಬಾಯಿಗೆ ಬೀಗವೇ? ಡಾಕ್ಟರ ಗಾಡಿ ಮರೆಯಾಗಿದ್ದೇ ತಡ, ಮುಸುಕು ಕಿತ್ತೆಸೆದು ಬೆರಳಲ್ಲೇ ಮೀನು ತಿನ್ನಿಸತೊಡಗಿದರು. ನನ್ನ ಚಿನ್ನ, ನನ್ನ ಬಂಗಾರ ಎಂದು ಮುದ್ದು ಬೇರೆ. ಅಬ್ಬಾ, ಆ ಬಾಯಲ್ಲಿ ಇಂಥ ಮಾತೂ ಇತ್ತೇ! ನನಗೆ ಹೊಟ್ಟೆ ಉರಿದುಹೋಯಿತು. ಡಾಕ್ಟರ ಮಾತು ನೆನಪಿಸಿದ್ದಕ್ಕೆ, "ಹೆರದವಳಿಗೇನು ಗೊತ್ತು?" ಎಂದರು.

ರೆಕ್ಕೆ ಬಲಿತ ಮೇಲೆ ಹೊರಗೆ ಬಿಟ್ಟರು. ಸ್ವಲ್ಪ ದಿನಕ್ಕೇ ಕಳ್ಳ ಬೇಟೆಗಾರನೊಬ್ಬ ಜೊಂಡಿಗೆ ನುಗ್ಗಿದ. ಅವನ ನೆರಳು ಕಂಡದ್ದೇ ಹಕ್ಕಿಗಳೆಲ್ಲ ಎದ್ದು ಹಾರಿದವು. ಅತ್ತೆಯ ಕೊಕ್ಕರೆ ಮಾತ್ರ ಬಾಯಿ ತೆರೆದುಕೊಂಡು, ಮೀನು ಕೇಳುತ್ತ ಅವನ ಕಡೆಗೇ ನಡೆದುಹೋಯಿತು. ಅವನು ಕೋವಿ ಎತ್ತುವ ಗೋಜಿಗೂ ಹೋಗಲಿಲ್ಲ. ಕೈಯಲ್ಲೇ ಕತ್ತು ತಿರುಚಿದ. ದಡದಲ್ಲಿದ್ದ ನಾವು ಕೂಗುತ್ತ ಓಡುವುದರೊಳಗೆ ಎಲ್ಲ ಮುಗಿದಿತ್ತು.

ಮರುವರ್ಷ ಇನ್ನೊಂದು ಮರಿ ಬಿತ್ತು. ಈ ಸಲ ಅತ್ತೆ ಮುಸುಕು ಹಾಕಿಕೊಂಡೇ, ಉಸಿರೆತ್ತದೆ ಸಾಕಿದರು. ಅಷ್ಟಾದರೂ ಅದು ಮನುಷ್ಯರಿಗೆ ಹೆದರೀತೆಂಬ ಧೈರ್ಯ ಅವರಿಗೆ ಬರಲಿಲ್ಲ. ಮರಿ ಬೆಳೆದ ಮೇಲೆ ದಿನಾ ಒಂದು ಸಲ ಮುಸುಕು ತೆಗೆದು, ಮುಖ ತೋರಿಸಿ, ಬಾಯಿಗೆ ಬಂದ ಹಾಗೆ ಬೈದು ಕೋಲಿನಿಂದ ಬಾರಿಸುತ್ತಿದ್ದರು. ಅದು ನಡುಗುತ್ತ ಮೂಲೆ ಸೇರಿದ ಮೇಲೆ ಮತ್ತೆ ಮುಸುಕು ಹಾಕಿಕೊಂಡು ಮೀನು ಕೊಡುತ್ತಿದ್ದರು. ಆ ಬೈಗುಳಗಳೆಲ್ಲ ನನಗೆ ಪರಿಚಯದವೇ.

ಬಿಡುವ ದಿನ ಬಾಗಿಲು ತೆರೆದರೂ ಅದು ಹೊರಡಲಿಲ್ಲ. ಅತ್ತೆ ಮುಸುಕು ಕಿತ್ತು ಕಲ್ಲು ಬೀಸಿದರು. ಕಲ್ಲು ಬೆನ್ನಿಗೆ ತಾಗಿ ಹಕ್ಕಿ ಎದ್ದಿತು. ಅತ್ತ ನೋಡಲಾರದೆ ಅತ್ತೆ ಗೋಡೆಯ ಕಡೆ ತಿರುಗಿ ಕುಕ್ಕರಿಸಿದರು.

"ಹೋಯ್ತೇನೇ?"

"ಹೋಯ್ತು ಅತ್ತೆ."

"ತಿರುಗಿ ನೋಡಿತಾ?"

ಅದು ಅವರ ತಲೆಯ ಮೇಲೆ ಒಂದು ಸುತ್ತು ಹಾಕಿಯೇ ಹೋಗಿತ್ತು. ನಾನು ಹೇಳಲಿಲ್ಲ.

"ಯಾಕೆ ನೋಡುತ್ತೆ? ನಿಮ್ಮ ಮುಖ ಕಂಡ್ರೆ ಯಾರು ತಿರುಗಿ ನೋಡ್ತಾರೆ?" ಎಂದೆ. ಎಷ್ಟೋ ವರ್ಷದ ಉರಿ ತಣ್ಣಗಾಯಿತು.

"ಸದ್ಯ, ಬದುಕ್ಕೊಳ್ಳುತ್ತೆ" ಎಂದರು ಅತ್ತೆ, ಬೂದು ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು.