ಪ್ರೆಸ್ಸಿನ ಮೇಲೇಕೆ ಸಿಟ್ಟು

ಅಕ್ಕೋರ ಮೂಗಿನ ತುದಿ ಯಾವಾಗಲೂ ತುಸು ಕಪ್ಪಗಿರುತ್ತಿತ್ತು. ಕಣ್ಣು ಅಷ್ಟು ಮಂದ. ಪುಸ್ತಕಕ್ಕೆ ಮೂಗು ತಾಗಿಸಿಯೇ ಓದಬೇಕು. ಹಳೆಯ ಹಾಳೆಗಳ ಧೂಳೆಲ್ಲ ಅಲ್ಲಿ ಕೂತಿರುತ್ತಿತ್ತು. ಅದೇ ಕಪ್ಪು ಮೂಗು ಹೊತ್ತು ಗೇಟಿಗೆ ಬಂದು ತರಕಾರಿಯವನ ಜೊತೆ ತೆಲುಗಿನಲ್ಲಿ ಚೌಕಾಸಿಗೆ ನಿಲ್ಲುತ್ತಿದ್ದರು.

ಬಾಲಾನಗರದ ಒಂದು ಗಲ್ಲಿಯಲ್ಲಿ ಅವರು ಮೇಲೆ, ನಾನು ನನ್ನ ಹೆಂಡತಿ ಕೆಳಗೆ ಬಾಡಿಗೆಗಿದ್ದೆವು. ಅವರು ಧಾರವಾಡದ ಕಡೆಯವರು, ನಾಂಪಲ್ಲಿಯ ಹತ್ತಿರ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅಮೆರಿಕದ ಹಳೆಯ ಕಾದಂಬರಿಗಳ ಪಾಠ ಹೇಳುತ್ತಿದ್ದರು. ನಾನು ಕಲಬುರಗಿ ಕಡೆಯವನು, ಏಳನೆಯದಕ್ಕೇ ಶಾಲೆ ಬಿಟ್ಟವನು. ನಮ್ಮಲ್ಲಿ ಪಾಠ ಹೇಳುವ ಹೆಂಗಸು ಯಾರೇ ಆದರೂ ಅಕ್ಕೋರು. ಊರ ತುಂಬ ಕಂಪ್ಯೂಟರ್ ಕೋರ್ಸಿನ ಬೋರ್ಡು ಎದ್ದ ಕಾಲ ಅದು. ಅವರ ಕ್ಲಾಸಿನ ಬೆಂಚುಗಳು ಖಾಲಿಯಾಗುತ್ತ ಬಂದಿದ್ದವು. "ಇದ್ದ ಹುಡುಗ್ಯಾರೂ ಮದುವಿ ಗೊತ್ತಾಗೋತನಕ ಅಷ್ಟ," ಎಂದು ನಗುತ್ತಿದ್ದರು.

ನಾನು ಒಬ್ಬ ಸೇಠನ ಶೆಡ್ಡಿನಲ್ಲಿ ಪವರ್ ಪ್ರೆಸ್ ನಡೆಸುತ್ತಿದ್ದೆ; ತಗಡನ್ನು ಒಂದೇ ಏಟಿಗೆ ಒತ್ತಿ ಕತ್ತರಿಸುವ ಯಂತ್ರ. ನನ್ನಷ್ಟು ಮಾಲು ಆ ಗಲ್ಲಿಯಲ್ಲಿ ಯಾರೂ ತೆಗೆಯುತ್ತಿರಲಿಲ್ಲ, ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಒಂದು ದಿನ ಅದು ನನ್ನ ಬಲಗೈಯ ಎರಡು ಬೆರಳು ತಿಂದಿತು. ಮುಂದೆ ಸೇಠ್ ಕಂಪ್ಯೂಟರಿನಿಂದ ನಡೆಯುವ ಮಷೀನು ತಂದು, ಆ ಪ್ರೆಸ್ಸನ್ನು ಗುಜರಿಗೆ ಹಾಕಿದ. ನನಗೆ ಒಂದೇ ಹಟ ಹಿಡಿಯಿತು: ಅದನ್ನು ಕೊಂಡು, ಗ್ಯಾಸ್ ಕಟರಿನಿಂದ ನನ್ನ ಕೈಯಾರೆ ತುಂಡು ತುಂಡು ಮಾಡಬೇಕು. ಸ್ವಂತ ಶೆಡ್ ಹಾಕಲೆಂದು ನಾವಿಬ್ಬರೂ ಹೊಟ್ಟೆ ಕಟ್ಟಿ ಕೂಡಿಸಿದ್ದರಲ್ಲಿ ಬಹುಪಾಲು ಅದಕ್ಕೇ ಹೋಗುತ್ತಿತ್ತು. ಹೆಂಡತಿ ಅಳುತ್ತಾ ಮೆಟ್ಟಿಲು ಹತ್ತಿದಳು.

ಅಕ್ಕೋರು ನನ್ನನ್ನು ಕರೆಸಿದರು, ಬುದ್ಧಿ ಹೇಳಲಿಲ್ಲ. ಚಹಾ ಕೊಟ್ಟು, ತಾವು ಆಗ ಪಾಠ ಮಾಡುತ್ತಿದ್ದ ಕಥೆ ಹೇಳಿದರು. ತನ್ನ ಕಾಲು ಕಚ್ಚಿ ಒಯ್ದ ತಿಮಿಂಗಿಲವನ್ನು ಒಬ್ಬ ಕ್ಯಾಪ್ಟನ್ ಸಮುದ್ರವೆಲ್ಲ ಹುಡುಕುತ್ತಾ ಹೋಗುತ್ತಾನೆ. ಕೊನೆಗೆ ಹಡಗೂ ಉಳಿಯುವುದಿಲ್ಲ, ಅವನೂ ಉಳಿಯುವುದಿಲ್ಲ.

"ಕ್ಯಾಪ್ಟನ್ ಮಾಡಿದ್ದು ಬರೋಬರಿ ಐತ್ರಿ," ಎಂದೆ. "ಕಾಲು ಕೊಟ್ಟು ಸುಮ್ನ ಮನೀಗಿ ಬಂದು ಕೂಡ್ಬೇಕೇನ್ರಿ? ಗಂಡಸಲ್ಲೇನು ಅಂವ?"

ಅಕ್ಕೋರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಹಡಗಿನಾಗ ಉಳಿದವ್ರು ಏನ್ ಪಾಪ ಮಾಡಿದ್ರೋ ತಮ್ಮಾ?"

"ಪಗಾರ ತಗೊಂಡು ಬಂದಿದ್ರಲ್ರಿ."

"ಭಲೇ! ಥೇಟ್ ನಿಮ್ಮ ಸೇಠ್ ಮಾತಾಡಿದಂಗ ಆತು ನೋಡು." ನಕ್ಕು, ಮತ್ತೆ ಕೇಳಿದರು: "ಆ ತಿಮಿಂಗಿಲ ಅಂದ್ರ ಏನು? ಒಬ್ರು ದೇವ್ರು ಅಂತಾರ, ಒಬ್ರು ಸಾವು ಅಂತಾರ. ನೀ ಏನಂತಿ?"

"ಮೀನು ಮೀನೇ ರಿ ಅಕ್ಕೋರ. ಪ್ರೆಸ್ಸು ಪ್ರೆಸ್ಸೇ. ಅದಕ್ಕೇನು ತಿಳಿತೈತಿ?"

"ಹಂಗಾದ್ರ ಪ್ರೆಸ್ಸಿನ ಮ್ಯಾಲೆ ಸಿಟ್ಟ್ಯಾಕೋ?"

ಚಹಾ ಆರಿತು. ಕೈ ಒಳಗೆ ಹೋಗದಂತೆ ಪ್ರೆಸ್ಸಿನ ಮುಂದಿದ್ದ ಜಾಲರಿಯನ್ನು, ಮಾಲು ಬೇಗ ಬರಲಿ ಎಂದು ಬಿಚ್ಚಿಸಿದವನು ಸೇಠ್. ಪ್ರೆಸ್ಸಿಗೆ ಅದೇನು ಗೊತ್ತು?

ಮರುದಿನ ಗುಜರಿ ಅಂಗಡಿಗೆ ಹೋಗಿ ಅದನ್ನು ಕೊಂಡೆ. ಕತ್ತರಿಸಲಿಲ್ಲ. ಕಾಲಿನ ಪೆಡಲ್ ಕಿತ್ತು, ಎರಡೂ ಕೈಯಿಂದ ಎರಡು ಬಟನ್ ಒತ್ತಿದರೆ ಮಾತ್ರ ಇಳಿಯುವ ಹಾಗೆ ಮಾಡಿಸಿದೆ. ಮುಂದೆ ಹೊಸ ಜಾಲರಿ ಕೂರಿಸಿದೆ. ಅದೊಂದನ್ನೇ ಇಟ್ಟುಕೊಂಡು ನನ್ನ ಶೆಡ್ ಶುರುವಾಯಿತು. ಪೂಜೆಯ ದಿನ ಹೆಂಡತಿ ಅದಕ್ಕೆ ಕುಂಕುಮ ಹಚ್ಚಿದಳು. ಅಕ್ಕೋರು ಬಂದು ಎರಡೂ ಬಟನ್ ಒತ್ತಿ, ಸದ್ದಿಗೆ ಬೆಚ್ಚಿಬಿದ್ದು, "ಏ, ಇದು ಖರೇನ ತಿಮಿಂಗಿಲ ಐತಲ್ಲೋ!" ಎಂದರು. "ನಿನ್ನ ವಾದ ನಾಳೆ ಕ್ಲಾಸಿನಾಗ ಹೇಳ್ತೀನಿ. ಹುಡುಗ್ಯಾರು ಏನಂತಾರ ನೋಡೂಣು."

ಹೇಳಿಯೂ ಹೇಳಿದರು, ಪ್ರತಿ ವರ್ಷ. ಅದು ನನಗೆ ತಿಳಿದದ್ದು ಅಕ್ಕೋರು ತೀರಿಕೊಂಡ ದಿನ. ಕೊರಳಲ್ಲಿ ಕಂಪನಿಯ ಕಾರ್ಡು ತೂಗುತ್ತಿದ್ದ ಹೆಣ್ಣುಮಗಳೊಬ್ಬಳು ನನ್ನ ಬಲಗೈ ನೋಡಿ ಹತ್ತಿರ ಬಂದು, "ಕ್ಯಾಪ್ಟನ್ ಪರ ನಿಂತವರು ನೀವೇನಾ?" ಎಂದು ಹಿಂದಿಯಲ್ಲಿ ಕೇಳಿದಳು. "ನಿಮ್ಮಿಂದಾಗಿ ನಮ್ಮ ಕ್ಲಾಸಿನಲ್ಲಿ ಎರಡು ಪಾರ್ಟಿ ಆಗಿದ್ದವು."

"ಗೆದ್ದವರು ಯಾರಮ್ಮಾ?"

"ಮೇಡಂ ತೀರ್ಪು ಕೊಡಲೇ ಇಲ್ಲ." ಅತ್ತುಕೊಂಡೇ ನಕ್ಕಳು.

ಇಂದು ನನ್ನ ಶೆಡ್ಡಿನಲ್ಲಿ ಯಾದಗಿರಿ, ಬೀದರ್ ಕಡೆಯವರು ದುಡಿಯುತ್ತಾರೆ. ಸಂಜೆ ಕೆಲಸ ಬಿಟ್ಟಾಗ ನಲ್ಲಿಯ ಮುಂದೆ ಕೈ ತೊಳೆಯಲು ತಳ್ಳಾಡುತ್ತಾರೆ, ಒಬ್ಬರ ಮೇಲೊಬ್ಬರು ನೀರು ಚಿಮ್ಮಿಸುತ್ತಾರೆ. ನಾನು ಬಾಗಿಲಲ್ಲಿ ನಿಂತು ಆ ಕೈಗಳನ್ನು ನೋಡುತ್ತೇನೆ. ಯಾರ ಕೈಯಲ್ಲೂ ಒಂದು ಬೆರಳೂ ಕಡಿಮೆಯಿಲ್ಲ.