ದನಿ ಸತ್ತ ಕಡಾಯಿ

ಮಿಶ್ರಿಕೋಟಿಯಲ್ಲಿ ನಮ್ಮ ಚುರುಮುರಿ ಭಟ್ಟಿ ನಡೆಸುತ್ತಿದ್ದವಳು ಅಕ್ಕ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಅವಳ ಜೊತೆ ಒಲೆಯ ಮುಂದೆ ನಿಂತವನು. ಮರಳು ತುಂಬಿದ ಉಕ್ಕಿನ ಕಡಾಯಿ ದಿನವಿಡೀ ಕೆಂಪಗೆ ಕಾಯುತ್ತಿತ್ತು, ಸಂಜೆ ಆರುತ್ತಿತ್ತು. ಯಾರೂ ಹೊಡೆಯದೆ, ಯಾರೂ ತುಳಿಯದೆ, ವರ್ಷದಿಂದ ವರ್ಷಕ್ಕೆ ಅದರ ಹೊಟ್ಟೆ ಜೋತುಬೀಳುತ್ತಿತ್ತು. ದೀಪಾವಳಿ ಮುಗಿದ ಮೇಲೆ ಅಕ್ಕ ಅಂಚಿನಿಂದ ಅಂಚಿಗೆ ಕೋಲಿಟ್ಟು, ಅಲ್ಲಿಂದ ತಳಕ್ಕೆ ಬಲಗೈ ಗೇಣು ಹಾಕಿ, ಉಳಿದದ್ದನ್ನು ಬೆರಳಗಲದಲ್ಲಿ ಅಳೆದು ನೋಡುತ್ತಿದ್ದಳು.

"ಮತ್ತ ಅರ್ಧ ಬಟ್ಟು ಇಳದಾಳ ಮುದುಕಿ," ಎಂದು ನಗುತ್ತಿದ್ದಳು.

ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಮರಳು ತೆಗೆದ ಕಡಾಯಿಯನ್ನು ಸೌಟಿನಿಂದ ಬಾರಿಸಿ ನೋಡುವುದು ನನ್ನ ಪಾಲಿನ ಕೆಲಸ. ಗಟ್ಟಿಯಿದ್ದರೆ ಅದು ಬಹಳ ಹೊತ್ತು ಗುಂಯ್ಗುಡುತ್ತಿತ್ತು.

ಒಂದು ಬೆಳಿಗ್ಗೆ ಟಪ್ ಎಂದಿತು. ಬಗ್ಗಿ ನೋಡಿದೆ. ತಳದ ಹಳೇ ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಗೆರೆ. ಕಡಾಯಿ ಬದಲಿಸುವುದೆಂದರೆ ಒಲೆಯ ಮಣ್ಣಿನ ಕೊರಳು ಒಡೆಯಬೇಕು, ಕೆರೆಮಣ್ಣು ತಂದು ತುಳಿಯಬೇಕು, ಕಟ್ಟಿ ಒಣಗಿಸಬೇಕು. ಹಿಂದಿನ ಸಲ ತುಳಿದು ಕಾಲುಗಳು ವಾರವಿಡೀ ನೊಂದಿದ್ದವು. ಇನ್ನು ನಾಲ್ಕು ದಿನ ತಡೆದೀತು ಅಂದುಕೊಂಡೆ.

ಹೊಟ್ಟಿನ ಬುಟ್ಟಿ ಹೊತ್ತು ಬಂದ ಅಕ್ಕ ಕೇಳಿದಳು: "ಏನಂತಾಳಲೇ ಮುದುಕಿ?"

"ಅಗದಿ ಛಲೋ ಅದಾಳ."

"ನಿನಗಿಂತ ಗಟ್ಟಿ ಬಿಡು."

ಮಧ್ಯಾಹ್ನದೊಳಗೆ ಗೆರೆ ಬಾಯಿಬಿಟ್ಟಿತು. ಅಕ್ಕ ಕೆಳಗೆ ಕುಳಿತು ಒಲೆಗೆ ಹೊಟ್ಟು ಹಾಕುತ್ತಿದ್ದಳು. ಕಾದ ಮರಳು ಅವಳ ಬಲಗೈ ಮೇಲೆ ಸುರಿಯಿತು.

ಹೊಸ ಕಡಾಯಿ ಕೂರಿಸಲು ಬಂದ ಬೆಸುಗೆಯವನು ಹಳೆಯದನ್ನು ಮಗುಚಿ ನೋಡಿದ. "ದಿನಾ ಕಾಯ್ತೈತಿ, ಆರ್ತೈತಿ. ಹಿಗ್ಗಿ ಕುಗ್ಗಿ ಉಕ್ಕೂ ದಣೀತೈತ್ರಿ. ಆದ್ರ ಹೇಳದ ಸೀಳಂಗಿಲ್ಲ. ಯಾರರ ಕೇಳ್ಬೇಕಷ್ಟ." ನಾನು ಮಣ್ಣು ತುಳಿಯುತ್ತಿದ್ದೆ.

ಅಕ್ಕ ಈಗ ಹತ್ತಿರದ ತಂಬೂರು ಊರಲ್ಲಿ ಮಗಳ ಮನೆಯಲ್ಲಿದ್ದಾಳೆ. ಗಾಯ ಮಾಯಿತು, ಬೆರಳು ಮುದುಡಿದವು. ಆ ಕೈಯಲ್ಲಿ ಗೇಣು ಬಿಚ್ಚುವುದಿಲ್ಲ. ಕಡಾಯಿಗೆ ಈಗ ನಾನೇ ಗೇಣು ಹಾಕುತ್ತೇನೆ. ನನ್ನದು ದೊಡ್ಡ ಕೈ, ಅವಳ ಅರ್ಧ ಬಟ್ಟಿನ ಲೆಕ್ಕ ನನಗೆ ಹತ್ತುವುದಿಲ್ಲ. ಬೆಳಿಗ್ಗೆ ಬಾರಿಸಿದಾಗ ಗುಂಯ್ ಎನ್ನುವ ದನಿ ಪೂರ್ತಿ ಇಳಿಯುವವರೆಗೂ ನಿಲ್ಲುತ್ತೇನೆ. ಬೆನ್ನ ಹಿಂದೆ ಅವಳು ಬುಟ್ಟಿ ಇಳಿಸುವ ಸಪ್ಪಳಕ್ಕೆ ಕಿವಿ ಇನ್ನೂ ಕಾಯುತ್ತದೆ.

ಹೋದ ವಾರ ಆ ಗೆರೆಯ ಸಂಗತಿ ಹೇಳಿಯೇ ಬರಬೇಕೆಂದು ಚುರುಮುರಿ ಕಟ್ಟಿಕೊಂಡು ಗಾಡಿಯ ಮೇಲೆ ಹೋದೆ. ಎಡಗೈಯಿಂದ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಕ್ಕ ಕೇಳಿದಳು: "ಹೊಸಾಕಿ ಏನಂತಾಳಲೇ?"

"ಅಗದಿ ಛಲೋ ಅದಾಳ," ಎಂದೆ. ಅದೇ ಮಾತು. ಹೇಳದೆಯೇ ಗಾಡಿ ತಿರುಗಿಸಿದೆ.

ಅಕ್ಕನಿಗೆ ಓದು ಬಾರದು. ಮಗಳು ಓದಿ ಹೇಳಲಿ ಎಂದೇ ಇದನ್ನು ಬರೆದೆ.